ಗಾಯಗೊಂಡವನ ಹಕ್ಕು : ವಿಜಯನಗರದ ನೆಲದಲ್ಲಿ ಒಂದು ಚಾರಿತ್ರಿಕ ಅವಲೋಕನ



ಹಂಪೆಗೆ ಯಾತ್ರೆ ಹೋಗಿ ಬಂದವರು ವಿರೂಪಾಕ್ಷನ ಗೋಪುರವನ್ನೂ ವಿಠ್ಠಲನ ಗುಡಿಯ ಕಲ್ಲುತೇರನ್ನೂ ಮಹಾನವಮಿ ದಿಬ್ಬವನ್ನೂ ವರ್ಣಿಸಿ ದಣಿಯುವುದಿಲ್ಲ. ಆದರೆ ಹೊಸಪೇಟೆಯ ಮಗ್ಗುಲಲ್ಲಿ, ಸಂಡೂರಿನ ಬೆಟ್ಟಸಾಲು ಬಾಯ್ದೆರೆದಿರುವ ಕಡೆ, ಕೃಷ್ಣದೇವರಾಯನು ಒಂದು ಮಹಾ ಕೆರೆಯನ್ನು ಕಟ್ಟಿಸಿದನೆಂಬುದನ್ನು ಅವರಲ್ಲಿ ಎಷ್ಟು ಜನ ಕೇಳಿದ್ದಾರೆ? ಈ ಕೆರೆ ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡವನು ಡೊಮಿಂಗೊ ಪಾಯೆಸ್ ಎಂಬ ಪೋರ್ತುಗೀಜ ಪ್ರವಾಸಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಅವನು, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡು ದುಡಿಯುತ್ತಿದ್ದರೆಂದೂ, ಅವರು ನಡೆದಾಡುವ ನೆಲವೇ ಕಾಣಿಸುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಏರಿಯು ಎರಡು ಮೂರು ಬಾರಿ ಒಡೆಯಿತಂತೆ. ಆಗ ನರಬಲಿಯ ಸಲಹೆ ಬಂದು, ಗುಡಿಯ ಬಾಗಿಲಲ್ಲಿ ಅರವತ್ತು ಜನರ ತಲೆಗಳನ್ನೂ ಅವರೊಡನೆ ಕೆಲವು ಕುದುರೆ ಕೋಣಗಳ ತಲೆಗಳನ್ನೂ ಕಡಿಸಲಾಯಿತೆಂದು ಅವನ ಹೇಳಿಕೆ. ಕೆಲವು ವರ್ಷಗಳ ತರುವಾಯ ಬರೆದ ನುನಿಜ್ ಎಂಬ ಕುದುರೆ ವ್ಯಾಪಾರಿ, ಹಾಗೆ ಸತ್ತವರು ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳೆಂದು ಹೇಳಿ, ಆ ಕೆರೆಯ ಕೆಳಗಣ ಭೂಮಿಯಿಂದ ಇಪ್ಪತ್ತು ಸಾವಿರ ವರಹದ ಹುಟ್ಟುವಳಿ ಬರುತ್ತಿತ್ತೆಂಬ ಲೆಕ್ಕವನ್ನೂ ಕೊಡುತ್ತಾನೆ.

ಹುಟ್ಟುವಳಿಗೆ ಲೆಕ್ಕವಿದೆ. ಬಲಿಯಾದ ತಲೆಗಳಿಗೂ ಲೆಕ್ಕವಿದೆ. ಆ ಇಪ್ಪತ್ತು ಸಾವಿರ ಜನ ಕೂಲಿಕಾರರಲ್ಲಿ ಏರಿ ಒಡೆದಾಗ ಕೈಕಾಲು ಮುರಿದುಕೊಂಡವರಿದ್ದರೆ ಅವರಿಗೆ ಯಾರು ಏನು ಕೊಟ್ಟರು ಎಂಬುದಕ್ಕೆ ಮಾತ್ರ ಇಬ್ಬರ ಬರಹದಲ್ಲಿಯೂ ಒಂದಕ್ಷರವಿಲ್ಲ.

ಒಬ್ಬನ ಕೃತ್ಯದಿಂದ ಇನ್ನೊಬ್ಬನ ದೇಹಕ್ಕೆ ಹಾನಿಯಾದಾಗ, ಹಾನಿ ಮಾಡಿದವನು ಹಾನಿಗೊಂಡವನಿಗೆ ಏನನ್ನಾದರೂ ಸಲ್ಲಿಸಬೇಕೆ? ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಹೇಗೆ ಎದುರಿಸಿದರು ಎಂಬುದೇ ಈ ಲೇಖನದ ವಿಷಯ. ಇದನ್ನು ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಸದ್ಭಕ್ತ ಕುಟುಂಬಗಳಲ್ಲಿ ಇಂದಿಗೂ ಲಾರಿ ಬಡಿದು ಕಾಲು ಹೋದರೆ “ಹಣೆಯ ಬರಹ” ಎಂದು ಸುಮ್ಮನಾಗುವವರಿದ್ದಾರೆ. ದುಡಿಯುವ ಮಗ ಸತ್ತರೆ ಅರ್ಜಿ ಹಾಕುವುದನ್ನು “ಹೆಣದ ಮೇಲೆ ಹಣ ಮಾಡುವುದು” ಎಂದು ಹೇಸುವ ಹಿರಿಯರಿದ್ದಾರೆ. ಪರಿಹಾರದ ಕಲ್ಪನೆಯೇ ಇಂಗ್ಲಿಷರ ಕೋರ್ಟುಗಳಿಂದ ಬಂದ ಹೊಸ ಆಸೆಬುರುಕತನವೆಂದು ಅವರ ಭಾವನೆ. ಈ ಹೇಸಿಗೆಯ ಹಿಂದೆ ಒಂದು ಸಾತ್ತ್ವಿಕ ಮನಸ್ಸಿದೆ, ಒಪ್ಪತಕ್ಕದ್ದೇ. ಆದರೆ ಚರಿತ್ರೆಯು ಅವರ ಭಾವನೆಯನ್ನು ಸಮರ್ಥಿಸುವುದಿಲ್ಲ.

ಮೊದಲು ರಾಜಧಾನಿಯ ನ್ಯಾಯದ ರೀತಿಯನ್ನು ನೋಡೋಣ. ಅನ್ಯಾಯಕ್ಕೊಳಗಾದವನು ರಾಯನಲ್ಲಿ ಮೊರೆಯಿಡಬೇಕಾದರೆ ನೆಲದ ಮೇಲೆ ಬೋರಲಾಗಿ ಮಲಗಿ, ಏನು ಬೇಕೆಂದು ಕೇಳುವವರೆಗೂ ಏಳುತ್ತಿರಲಿಲ್ಲವೆಂದು ನುನಿಜ್ ಬರೆಯುತ್ತಾನೆ. ರಾಯನು ಕುದುರೆಯೇರಿ ಹೊರಟಾಗ ಹೇಳಿಕೊಳ್ಳಬೇಕಾಗಿದ್ದರೆ, ಭಲ್ಲೆಯದ ಕಾವಿಗೆ ಒಂದು ಮರದ ಕೊಂಬೆಯನ್ನು ಕಟ್ಟಿ ಮೇಲೆತ್ತಿ, ಕೂಗುತ್ತ ಹಿಂಬಾಲಿಸಬೇಕು. ಆಗ ಜನ ದಾರಿ ಬಿಡುತ್ತಿದ್ದರು, ಮೊರೆಯು ಅಲ್ಲಿಯೇ ಇತ್ಯರ್ಥವಾಗುತ್ತಿತ್ತು. ದಾರಿಯಲ್ಲಿ ಕಳ್ಳತನಕ್ಕೊಳಗಾದವನು ದೂರಿತ್ತರೆ ಆ ಸೀಮೆಯ ನಾಯಕನನ್ನು ಕರೆಸಿ, ಅವನು ಕಳ್ಳನನ್ನು ಹಿಡಿದು ಕೊಡದಿದ್ದರೆ ಅವನ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದಾಗಿತ್ತು.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ 1443ರಲ್ಲಿ ಎರಡನೆಯ ದೇವರಾಯನ ಕಾಲಕ್ಕೆ ಬಂದ ಅಬ್ದುಲ್ ರಜಾಕನ ಬರಹದಲ್ಲಿದೆ. ಅವನ ಜೊತೆಗಾರನೊಬ್ಬನು ಕೊಂಡಿದ್ದ ಗುಲಾಮರು ಓಡಿಹೋದರು. ದೂರು ಕೋತವಾಲನಿಗೆ ಮುಟ್ಟಿತು. ಅವನು ಆ ಕೇರಿಯ ಕಾವಲುಗಾರರನ್ನು ಕರೆಸಿ, ಅವರನ್ನು ಹುಡುಕಿ ತನ್ನಿರಿ, ಇಲ್ಲವೆ ಬೆಲೆಯನ್ನು ತೆರಿರಿ ಎಂದು ವಿಧಿಸಿದನು. ಕಾವಲುಗಾರರು ಮೊತ್ತ ಎಷ್ಟೆಂದು ಕೇಳಿಕೊಂಡು ತೆತ್ತರು. ಮನುಷ್ಯರನ್ನು ಸರಕಿನಂತೆ ಕೊಳ್ಳುತ್ತಿದ್ದ ಆ ಕಾಲದ ಕ್ರೌರ್ಯ ಇಲ್ಲಿ ಎದ್ದು ಕಾಣುತ್ತದೆ. ಅದನ್ನು ಬಿಟ್ಟು ನೋಡಿದರೆ, ತನ್ನ ಕರ್ತವ್ಯದಲ್ಲಿ ತಪ್ಪಿದವನು ನಷ್ಟಗೊಂಡವನಿಗೆ ನೇರವಾಗಿ ಹಣ ಸಲ್ಲಿಸಬೇಕೆಂಬ ನಿಯಮವು ಹಂಪೆಯ ಬೀದಿಗಳಲ್ಲಿ ಆಚರಣೆಯಲ್ಲಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಸರಕಿಗೆ ಸಲ್ಲುತ್ತಿದ್ದ ಈ ನ್ಯಾಯ ಶರೀರಕ್ಕೂ ಸಲ್ಲುತ್ತಿತ್ತೆ?

ಇಲ್ಲಿ ತಮ್ಮಲ್ಲಿ ಕೆಲವರು ನೆತ್ತರುಗೊಡಗೆಯನ್ನು ನೆನೆಯಬಹುದು. ಕನ್ನಡ ನಾಡಿನ ವೀರಗಲ್ಲುಗಳನ್ನು ಬಲ್ಲವರಿಗೆ ಈ ಮಾತು ಪರಿಚಿತ. ಊರಿನ ತುರುವನ್ನು ಕಾಯುತ್ತ, ಗಡಿಯಲ್ಲಿ ಕಾದುತ್ತ ಮಡಿದವನ ಮನೆಯವರಿಗೆ ಅರಸನೋ ಊರಿನವರೋ ಕೊಟ್ಟ ಭೂಮಿಗೆ ನೆತ್ತರುಗೊಡಗೆ, ಕಲ್ನಾಡು, ಬಾಳ್ಗಚ್ಚು ಎಂಬ ಹೆಸರುಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೊಂದು ಇದಕ್ಕೆ ಅಪೂರ್ವ ಸಾಕ್ಷಿ. 949–50ರ ಸುಮಾರಿನ ಆ ಶಾಸನದಲ್ಲಿ, ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ ಸಂಗತಿಯಿದೆ. ನಾಯಿಯ ನಿಷ್ಠೆಯನ್ನೂ ಮರೆಯದ ನಾಡು ನಮ್ಮದು!

ಆದರೂ ನೆತ್ತರುಗೊಡಗೆಯು ಹಾನಿಯ ಪರಿಹಾರವಲ್ಲ. ಅದು ಕೊಡಗೆ, ಎಂದರೆ ಒಡೆಯನು ಮೆಚ್ಚಿ ಕೊಟ್ಟದ್ದು. ಅವನು ಕೊಡದಿದ್ದರೆ ಕೇಳುವ ಅಧಿಕಾರ ವಿಧವೆಗಿರಲಿಲ್ಲ. ಅದನ್ನು ಕೊಡುವವನು ಕೊಂದ ಶತ್ರುವೂ ಅಲ್ಲ, ಸತ್ತವನ ಸ್ವಾಮಿ. ಇಂದು ದೊಡ್ಡ ದುರಂತಗಳಾದಾಗ ಸರಕಾರವು ಘೋಷಿಸುವ ಮೊತ್ತವು ಈ ಕೊಡಗೆಯ ಮರಿಮಗನೇ ಹೊರತು ಬೇರೆಯಲ್ಲ. ಜನರು ಅದನ್ನು ಪಡೆದು, ನ್ಯಾಯವಾಗಿ ಬರಬೇಕಾದದ್ದು ಬಂದೇಹೋಯಿತೆಂದು ತಿಳಿದು ಕೈಚೆಲ್ಲುತ್ತಾರೆ. ಕೊಡಗೆ ಬೇರೆ, ಹಕ್ಕು ಬೇರೆ ಎಂಬ ಈ ಭೇದವನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಹಕ್ಕಿನ ಮಾತು ದೊರೆಯುವುದು ಧರ್ಮಶಾಸ್ತ್ರದ ವ್ಯವಹಾರಕಾಂಡಗಳಲ್ಲಿ, ಅದರಲ್ಲಿಯೂ ನಮ್ಮ ಕಲ್ಯಾಣದಲ್ಲಿ ಹುಟ್ಟಿದ ಒಂದು ಗ್ರಂಥದಲ್ಲಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ಸರ್ವವಿದಿತ. ಈ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವುದು ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ವ್ಯಾಜ್ಯ ಮಾತ್ರ. ಆದರೆ ಅದೇ ಗ್ರಂಥದಲ್ಲಿ ದಂಡಪಾರುಷ್ಯವೆಂಬ ಪ್ರಕರಣವೊಂದಿದೆ. ಕೈಯಿಂದಾಗಲಿ ಕಲ್ಲಿನಿಂದಾಗಲಿ ಆಯುಧದಿಂದಾಗಲಿ ಪರರ ಮೈಗೆ ನೋವುಂಟುಮಾಡುವುದೇ ದಂಡಪಾರುಷ್ಯ. ಬರಿಯ ಏಟು, ರಕ್ತ ಬಂದ ಗಾಯ, ಮೂಳೆ ಮುರಿತ, ಕಣ್ಣು ಕಿವಿಗಳ ನಾಶ ಎಂದು ನೋವಿನ ತರತಮವನ್ನು ಅಳೆದು ದಂಡವನ್ನು ಗೊತ್ತುಮಾಡಲಾಗಿದೆ. ದಂಡವು ಅರಸನ ಭಂಡಾರಕ್ಕೆ. ಅಷ್ಟಕ್ಕೇ ನಿಂತಿದ್ದರೆ ಗಾಯಗೊಂಡವನಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಸ್ಮೃತಿಕಾರನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಯಾವನು ದುಃಖವನ್ನು ಉಂಟುಮಾಡುತ್ತಾನೋ ಅವನು ಆಯಾ ಕಲಹಕ್ಕೆ ಹೇಳಿದ ದಂಡವನ್ನಲ್ಲದೆ ಸಮುತ್ಥಾನವ್ಯಯವನ್ನೂ ತೆರಬೇಕೆಂದು ವಿಧಿಸಿದನು.

ಸಮುತ್ಥಾನವೆಂದರೆ ಎದ್ದು ನಿಲ್ಲುವುದು. ಎಂಥ ಅರ್ಥವತ್ತಾದ ಶಬ್ದ! ಬಿದ್ದವನು ಮತ್ತೆ ಎದ್ದು ನಿಲ್ಲುವವರೆಗೆ ತಗಲುವ ವೆಚ್ಚ. ವಿಜ್ಞಾನೇಶ್ವರನು ಇದನ್ನು ವಿವರಿಸುತ್ತ, ಗಾಯ ಮಾಯುವುದಕ್ಕಾಗಿ ಔಷಧಕ್ಕೂ ಪಥ್ಯಕ್ಕೂ ಆಗುವ ಖರ್ಚನ್ನು ಹೇಳುತ್ತಾನೆ. ಮನುಸ್ಮೃತಿಯಲ್ಲಿಯೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಪದ ಬರುವುದರಿಂದ, ಇದು ಒಬ್ಬ ಶಾಸ್ತ್ರಕಾರನ ದಯೆಯ ಮಾತಲ್ಲ, ಬಹುಕಾಲದ ವಿಧಿಯೆಂದು ತಿಳಿಯತಕ್ಕದ್ದು. ಕಾತ್ಯಾಯನನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಹಕ್ಕೋ ಇಂದ್ರಿಯಕ್ಕೋ ನಾಶವುಂಟಾದಾಗ ಸಮುತ್ಥಾನವ್ಯಯವನ್ನಲ್ಲದೆ ನೊಂದವನಿಗೆ ತುಷ್ಟಿಯಾಗುವಂಥದನ್ನೂ ಕೊಡಿಸಬೇಕೆಂದನು. ಔಷಧದ ಖರ್ಚು ಒಂದು, ನೋವಿನ ಸಮಾಧಾನ ಇನ್ನೊಂದು. ಇಂದಿನ ನ್ಯಾಯಾಲಯಗಳ ತೀರ್ಪುಗಳಲ್ಲಿ ವೈದ್ಯಕೀಯ ವೆಚ್ಚ, ನೋವು ಮತ್ತು ಯಾತನೆ ಎಂದು ಬೇರೆಬೇರೆ ಸಾಲುಗಳಲ್ಲಿ ಬರೆಯುವುದು ಹೆಚ್ಚು ಕಡಿಮೆ ಇದನ್ನೇ.

ಹಳೆಯದೆಲ್ಲವೂ ಹೊನ್ನೆಂದು ಸಾಧಿಸುವ ಉದ್ದೇಶ ಈ ಲೇಖಕನಿಗಿಲ್ಲ. ಇದೇ ಪ್ರಕರಣದಲ್ಲಿ ದಂಡವು ವರ್ಣಕ್ಕೆ ತಕ್ಕಂತೆ ಏರಿಳಿಯುತ್ತದೆ. ಬ್ರಾಹ್ಮಣನನ್ನು ನೋಯಿಸಿದ ಇತರರ ಆ ಅಂಗವನ್ನೇ ಛೇದಿಸಬೇಕೆಂಬ ಘೋರ ವಿಧಿಯೂ ಇಲ್ಲಿಯೇ ಇದೆ. ವಿಜ್ಞಾನೇಶ್ವರನಿದ್ದ ಕಲ್ಯಾಣದಲ್ಲಿಯೇ, ವಿಕ್ರಮಾದಿತ್ಯನು ತೀರಿಕೊಂಡು ಅರ್ಧ ಶತಮಾನ ಕಳೆಯುವಷ್ಟರಲ್ಲಿ, ಶರಣರು ಆ ತಾರತಮ್ಯದ ಬುಡಕ್ಕೆ ಕೊಡಲಿಯಿಟ್ಟರೆಂಬುದನ್ನು ನಮ್ಮ ವಾಚಕರಿಗೆ ವಿಸ್ತರಿಸಿ ಹೇಳಬೇಕಾದ್ದಿಲ್ಲ. ದಂಡದ ವಿಷಮತೆಯನ್ನು ತಳ್ಳಿಬಿಟ್ಟರೂ ಸಮುತ್ಥಾನವ್ಯಯದ ತತ್ತ್ವವು ಉಳಿಯುತ್ತದೆ. ಅದನ್ನು ಹೇಳಿರುವ ಮಾತು “ಯಾವನೇ ಆಗಲಿ” ಎಂಬ ಅರ್ಥದಲ್ಲಿಯೇ ಇದೆ.

ಅಪಘಾತದ ವಿಷಯವೇನು? ಬೇಕೆಂದು ಹೊಡೆದವನ ಮಾತು ಸರಿ, ಕೈತಪ್ಪಿ ಹಾನಿಯಾದರೆ? ಇಲ್ಲಿ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿರುವ ಬಂಡಿಯ ಪ್ರಕರಣವನ್ನು ನೋಡಬೇಕು. ನಮ್ಮ ಲಾರಿ ಮಾಲೀಕರು ಇದನ್ನು ಓದಿದರೆ ಬೆರಗಾದಾರು. ಎತ್ತಿನ ಮೂಗುದಾರ ಕಿತ್ತುಹೋದಾಗ, ನೊಗ ಮುರಿದಾಗ, ಬಂಡಿ ಅಡ್ಡಕ್ಕೋ ಹಿಂದಕ್ಕೋ ಸರಿದಾಗ, ಅಚ್ಚು ಅಥವಾ ಗಾಲಿ ಮುರಿದಾಗ, ಕಟ್ಟಿದ ಮಿಣಿ ಹಗ್ಗಗಳು ಹರಿದಾಗ, “ಸರಿಯಿರಿ, ಸರಿಯಿರಿ” ಎಂದು ಹೊಡೆಯುವವನು ಗಟ್ಟಿಯಾಗಿ ಕೂಗಿದ್ದಾಗ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಬಂಡಿ ಹೊಡೆಯುವವನ ಅಕುಶಲತೆಯಿಂದ ಬಂಡಿ ದಾರಿ ತಪ್ಪಿ ಹಾನಿಯಾದರೆ ಮಾತ್ರ ಅವನನ್ನು ನೇಮಿಸಿದ ಒಡೆಯನಿಗೆ ಇನ್ನೂರು ಪಣ ದಂಡ. ಹೊಡೆಯುವವನು ಕುಶಲನಾಗಿದ್ದೂ ತಪ್ಪಿದರೆ ದಂಡ ಅವನಿಗೇ. ಅಕುಶಲನೆಂದು ಕಂಡೂ ಬಂಡಿಯಲ್ಲಿ ಕುಳಿತವರಿಗೂ ತಲಾ ನೂರು ಪಣ! ಚಾಲಕನ ತಪ್ಪಿಗೆ ಮಾಲೀಕನು ಏಕೆ ಹೊಣೆ ಎಂದು ಇಂದು ವಾದಿಸುವವರಿಗೆ, ಅರಿಯದವನ ಕೈಗೆ ಹಗ್ಗ ಕೊಟ್ಟದ್ದೇ ನಿನ್ನ ತಪ್ಪು ಎಂಬ ಉತ್ತರ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಸಿದ್ಧವಾಗಿತ್ತು. ಈ ಇನ್ನೂರು ಪಣ ಅರಸನಿಗೆ ಸಲ್ಲುವ ದಂಡವೆಂಬುದನ್ನು ಮರೆಯಬಾರದು. ಹೊಣೆಯನ್ನು ಮಾಲೀಕನವರೆಗೂ ಒಯ್ದ ಶಾಸ್ತ್ರವು ಹಣವನ್ನು ಗಾಯಾಳುವಿನವರೆಗೂ ಒಯ್ಯಲು ಸಮುತ್ಥಾನದ ವಿಧಿಯೊಂದನ್ನೇ ನೆಚ್ಚಿತ್ತು.

ಕಲ್ಯಾಣದ ಈ ವಿದ್ಯೆ ಹಂಪೆಗೆ ಬಂದುದು ಮಾಧವಾಚಾರ್ಯನ ಮೂಲಕ. ಬುಕ್ಕರಾಯನ ಮಂತ್ರಿಯೂ ಕುಲಗುರುವೂ ತಾನೆಂದು ಹೇಳಿಕೊಂಡಿರುವ ಈ ಮಹಾಪಂಡಿತನು ಪರಾಶರಸ್ಮೃತಿಗೆ ವ್ಯಾಖ್ಯಾನ ಬರೆದನು. ಅದೇ ಪರಾಶರಮಾಧವೀಯ. ಇದರಲ್ಲೊಂದು ಸ್ವಾರಸ್ಯವಿದೆ. ಪರಾಶರನ ಮೂಲದಲ್ಲಿ ವ್ಯವಹಾರದ, ಎಂದರೆ ನ್ಯಾಯವಿಚಾರಣೆಯ, ಭಾಗವೇ ಇಲ್ಲ. ಕ್ಷತ್ರಿಯನು ಭೂಮಿಯನ್ನು ಧರ್ಮದಿಂದ ಪಾಲಿಸಬೇಕೆಂಬ ಒಂದು ಮಾತನ್ನು ಎಳೆಯಾಗಿ ಹಿಡಿದು ಮಾಧವನು ಒಂದು ಇಡೀ ವ್ಯವಹಾರಕಾಂಡವನ್ನೇ ನೇಯ್ದು ಸೇರಿಸಿದನು. ಹೊಸದಾಗಿ ಕಟ್ಟಿದ ರಾಜ್ಯಕ್ಕೆ ಕೋಟೆ ಕೊತ್ತಲಗಳಷ್ಟೇ ಸಾಲವು, ವ್ಯಾಜ್ಯ ತೀರಿಸುವ ಗ್ರಂಥವೂ ಬೇಕು ಎಂದು ಆ ಮಂತ್ರಿಗೆ ತೋರಿರಬೇಕು. ಶಾಸ್ತ್ರವು ಹಾಗಿದ್ದರೂ ಬೀದಿಯಲ್ಲಿ ಎಷ್ಟು ನಡೆಯುತ್ತಿತ್ತೆಂಬುದು ಬೇರೆ ಮಾತು. ಅದೇ ವಿಜಯನಗರದಲ್ಲಿ ಮಂತ್ರಿಯ ಅಪ್ಪಣೆ ಪಡೆದು ದ್ವಂದ್ವಯುದ್ಧ ಮಾಡುತ್ತಿದ್ದರೆಂದೂ, ಸತ್ತವನ ಆಸ್ತಿಯು ಗೆದ್ದವನಿಗೇ ಸೇರುತ್ತಿತ್ತೆಂದೂ ನುನಿಜ್ ಹೇಳುತ್ತಾನೆ. ಪೆಟ್ಟು ತಿಂದವನಿಗೆ ಪರಿಹಾರವೆಂಬ ಶಾಸ್ತ್ರ ಒಂದು ಕಡೆ, ಕೊಂದವನಿಗೆ ಬಹುಮಾನವೆಂಬ ಸಂಪ್ರದಾಯ ಇನ್ನೊಂದು ಕಡೆ!

ಇಂಗ್ಲಿಷರು ಬಂದರು. ಆಗ ನಡೆದ ಒಂದು ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಮಿತಾಕ್ಷರೆಯಿಂದ ದಾಯಭಾಗದ ಪ್ರಕರಣವನ್ನಷ್ಟೇ ಇಂಗ್ಲಿಷಿಗೆ ಅನುವಾದಿಸಿದನು. ಕೋರ್ಟುಗಳಿಗೆ ಬೇಕಾಗಿದ್ದುದು ಅದೇ. ಆಸ್ತಿ, ದತ್ತಕ, ಉತ್ತರಾಧಿಕಾರಗಳಲ್ಲಿ ಹಿಂದೂಗಳಿಗೆ ಅವರವರ ಶಾಸ್ತ್ರ, ಅಪರಾಧ ಮತ್ತು ಹಾನಿಯ ವಿಷಯದಲ್ಲಿ ಸರಕಾರದ ಕಾನೂನು ಎಂದು ವಿಭಾಗವಾಯಿತು. ಹೀಗೆ ವಿಜ್ಞಾನೇಶ್ವರನು ಆಸ್ತಿವಂತರ ಮನೆಯಲ್ಲಿ ಉಳಿದುಕೊಂಡನು. ಗಾಯಾಳುವಿನ ಹಾಸಿಗೆಯ ಬಳಿಯಿಂದ ಅವನನ್ನು ಎಬ್ಬಿಸಿ ಕಳುಹಿಸಲಾಯಿತು. ಸಮುತ್ಥಾನವೆಂಬ ಶಬ್ದವೇ ಮರೆತುಹೋಯಿತು. 1860ರ ದಂಡಸಂಹಿತೆ ಬಂದ ಮೇಲೆ ಹೊಡೆದವನಿಗೆ ಸೆರೆ ಅಥವಾ ಜುಲ್ಮಾನೆ, ಜುಲ್ಮಾನೆಯು ಖಜಾನೆಗೆ. ಅದರಲ್ಲಿ ಒಂದು ಪಾಲನ್ನು ನೊಂದವನಿಗೆ ಕೊಡಿಸಲು ನ್ಯಾಯಾಧೀಶರಿಗೆ ಅಧಿಕಾರವಿದ್ದರೂ ಅದನ್ನು ಬಳಸಿದ್ದು ಅಪರೂಪ. ಗಾಯಾಳುವಿನ ಹಕ್ಕು ಪರಿಹಾರದ ರೂಪದಲ್ಲಿ ಸ್ಪಷ್ಟವಾಗಿ ಮರಳಲು 1973ರ ದಂಡಪ್ರಕ್ರಿಯಾ ಸಂಹಿತೆಯವರೆಗೂ ಕಾಯಬೇಕಾಯಿತು. ಆ ಅಧಿಕಾರವೇ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿದೆ.

ಇಂಗ್ಲಿಷರ ಸ್ವಂತ ನ್ಯಾಯದಲ್ಲಿಯೂ ಒಂದು ವಿಪರೀತವಿತ್ತು. ಗಾಯಗೊಂಡವನು ಬದುಕಿದ್ದರೆ ದಾವೆ ಹೂಡಬಹುದು, ಸತ್ತರೆ ದಾವೆಯೂ ಅವನೊಡನೆ ಸಾಯುತ್ತಿತ್ತು. ಎಂದರೆ, ಕಾಲು ಮುರಿಯುವುದಕ್ಕಿಂತ ಕೊಲ್ಲುವುದೇ ಅಗ್ಗ! ರೈಲುಗಳು ಓಡತೊಡಗಿ ಸಾವುಗಳು ಹೆಚ್ಚಿದ ಮೇಲೆ ಅವರು ತಮ್ಮ ನಾಡಿನಲ್ಲಿ ಇದನ್ನು ತಿದ್ದಿಕೊಂಡರು. 1855ರಲ್ಲಿ ನಮ್ಮ ದೇಶಕ್ಕೂ ಅಂಥದೇ ಕಾಯಿದೆ ಬಂದು, ಸತ್ತವನ ಹೆಂಡತಿ ಮಕ್ಕಳಿಗೆ ಮತ್ತು ತಂದೆತಾಯಿಗಳಿಗೆ ಕೇಳುವ ಹಕ್ಕು ದೊರೆಯಿತು. “ಹೆಣದ ಮೇಲೆ ಹಣ” ಎಂದು ನಾವು ಹೇಸುವುದು ಈ ಹಕ್ಕನ್ನು. ಅದು ಹೆಣಕ್ಕೆ ಕಟ್ಟಿದ ಬೆಲೆಯಲ್ಲ, ಉಳಿದವರ ಅನ್ನದ ಲೆಕ್ಕ.

ಈಗ ಮತ್ತೆ ಹೊಸಪೇಟೆಗೆ ಬರೋಣ. ಕೃಷ್ಣದೇವರಾಯನ ಕೆರೆಗೆ ನಾಲ್ಕು ಶತಮಾನಗಳ ಬಳಿಕ ಅದೇ ಊರಿನ ಬಳಿ ಇನ್ನೊಂದು ಮಹಾ ಕಟ್ಟೆ ಎದ್ದಿತು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಅದು. ಕಲ್ಲು ಗಾರೆಗಳನ್ನು ಹೊತ್ತ ಸಹಸ್ರಾರು ಕೈಗಳು ಇಲ್ಲಿಯೂ ದುಡಿದವು. ಆದರೆ ಈ ನಡುವೆ ಒಂದು ಬದಲಾವಣೆಯಾಗಿತ್ತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯು, ಕೆಲಸದ ಕಾಲದಲ್ಲಿ ಕೆಲಸದ ಕಾರಣದಿಂದಲೇ ಗಾಯವಾದರೆ, ಮಾಲೀಕನ ತಪ್ಪಿರಲಿ ಇಲ್ಲದಿರಲಿ, ಪರಿಹಾರ ಸಲ್ಲಬೇಕೆಂದು ವಿಧಿಸಿತ್ತು. ಇಪ್ಪತ್ತು ಅಡಿಗೆ ಮೇಲ್ಪಟ್ಟ ಎತ್ತರದ ಅಣೆಕಟ್ಟಿನ ಕೆಲಸವನ್ನು ಅದು ಹೆಸರಿಟ್ಟೇ ಸೇರಿಸಿತ್ತು. ಪಾಯೆಸ್ ಕಂಡ ಇರುವೆಗಳಿಗೂ ಅಣೆಕಟ್ಟಿನ ಕೂಲಿಕಾರರಿಗೂ ಇದೇ ವ್ಯತ್ಯಾಸ. ಮುಂದೆ 2009ರ ಜನವರಿ 22ರಂದು ಹಂಪೆಗೂ ಆನೆಗೊಂದಿಗೂ ನಡುವೆ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಕೆಲಸಗಾರರು ತುಂಗಭದ್ರೆಯ ಪಾಲಾದರು. ಸೇತುವೆಯಿಂದ ಸ್ಮಾರಕಗಳಿಗೆ ಧಕ್ಕೆಯಾಗುವುದೆಂದು 1999ರಲ್ಲಿಯೇ ಯುನೆಸ್ಕೊ ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿ, ವರ್ಷಗಟ್ಟಲೆ ಜಗತ್ತೆಲ್ಲ ಚರ್ಚೆ ನಡೆದಿತ್ತು. ಕಲ್ಲುಗಳಿಗೆ ಆಗಬಹುದಾದ ಹಾನಿಯ ಕುರಿತು ಬರೆದಷ್ಟು ಕಾಗದವನ್ನು ಆ ಕೆಲಸಗಾರರ ಕುರಿತು ಯಾರೂ ಬರೆಯಲಿಲ್ಲ.

ಇಂಥ ಕೆಲಸಗಳಲ್ಲಿ ಕೂಲಿಕಾರನಿಗೆ ತನ್ನ ಮೇಸ್ತ್ರಿ ಒಬ್ಬನೇ ಗೊತ್ತು. ಮೇಸ್ತ್ರಿಯ ಮೇಲೆ ಕಿರುಗುತ್ತಿಗೆದಾರ, ಅವನ ಮೇಲೆ ಗುತ್ತಿಗೆದಾರ, ಅವನ ಮೇಲೆ ಇಲಾಖೆ. ಪೆಟ್ಟಾದ ದಿನ ಮೇಸ್ತ್ರಿ ಕಾಣೆಯಾಗುತ್ತಾನೆ. 1923ರ ಕಾಯಿದೆಯು ಇದನ್ನು ಮುಂಗಂಡು, ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದ ಮೂಲ ಮಾಲೀಕನೇ ಕಾರ್ಮಿಕನಿಗೆ ಹೊಣೆಯೆಂದೂ, ಆಮೇಲೆ ಬೇಕಾದರೆ ಅವನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲೆಂದೂ ಹೇಳಿತು. “ನನಗೇನೂ ಬೇಡ” ಎಂದು ಕಾರ್ಮಿಕನಿಂದ ಮುಂಚಿತವಾಗಿ ಬರೆಸಿಕೊಂಡ ಕರಾರು ಅಸಿಂಧುವೆಂದೂ ಹೇಳಿತು. ಈ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಸೇರಿವೆ. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕೆ ಹೆದರಬೇಕಾದ್ದಿಲ್ಲವೆಂಬುದನ್ನು ಸಂಡೂರು ಕಂಪ್ಲಿಗಳ ಕಡೆಯ ಭಕ್ತರು ತಮ್ಮ ಊರುಗಳಲ್ಲಿ ಹೇಳಿದರೆ ಅದೊಂದು ದೊಡ್ಡ ಉಪಕಾರ.

ರಸ್ತೆಯ ಕಥೆ ಇನ್ನೂ ಹತ್ತಿರದ್ದು. 2000ದ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಬಂದಾಗ ಸಂಡೂರು ಹೊಸಪೇಟೆಗಳ ರಸ್ತೆಗಳು ಏನಾಗಿದ್ದವೆಂಬುದನ್ನು ಆ ಕಡೆಯವರಿಗೆ ನೆನಪಿಸಬೇಕಾಗಿಲ್ಲ. ಹಗಲಿರುಳು ಅದಿರಿನ ಲಾರಿಗಳ ಸಾಲು, ಮಿತಿಮೀರಿದ ಭಾರ, ಕೆಂಪು ಧೂಳಿನಲ್ಲಿ ಎದುರಿನ ಸೈಕಲ್ಲೂ ಕಾಣದ ಸ್ಥಿತಿ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ರಸ್ತೆಗಳು ಒಮ್ಮೆಗೇ ಮೌನವಾದವು. ಮುಂದೆ ನಿಬಂಧನೆಗಳೊಡನೆ ಗಣಿಗಳು ಮತ್ತೆ ತೆರೆದವು, ಲಾರಿಗಳೂ ಮರಳಿದವು.

ಈ ಲಾರಿಗಳಿಗೂ ಮನುವಿನ ಬಂಡಿಗೂ ಸಂಬಂಧವಿದೆ. 1939ರ ಮೋಟಾರು ವಾಹನಗಳ ಕಾಯಿದೆಯು ಗಾಡಿಯ ಮಾಲೀಕನು ದಾರಿಹೋಕರ ಸಲುವಾಗಿ ವಿಮೆ ಮಾಡಿಸಲೇಬೇಕೆಂದಿತು. ಆ ಭಾಗ ಜಾರಿಗೆ ಬಂದದ್ದು 1946ರ ಜುಲೈಯಲ್ಲಿ. ಸಿವಿಲ್ ಕೋರ್ಟಿನ ಖರ್ಚು ವಿಳಂಬಗಳನ್ನು ತಪ್ಪಿಸಲೆಂದು 1956ರ ತಿದ್ದುಪಡಿಯಿಂದ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. 1982ರಲ್ಲಿ ಬಂದ ತಿದ್ದುಪಡಿಯು ಇನ್ನೂ ಮಹತ್ತ್ವದ್ದು. ಚಾಲಕನ ತಪ್ಪನ್ನು ಸಾಧಿಸದೆಯೇ ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ದೊರೆಯುವಂತೆ ಅದು ಮಾಡಿತು. ಅಚ್ಚು ಮುರಿಯಿತು, ಹಗ್ಗ ಹರಿಯಿತು ಎಂಬ ಮನುವಿನ ಹತ್ತು ನೆಪಗಳಿಗೂ ಅಲ್ಲಿಗೆ ಎಡೆಯಿಲ್ಲದಾಯಿತು. ಇಂದು ಆ ಬಗೆಯ ಮೊತ್ತ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಗುದ್ದಿ ಓಡಿಹೋದ ಗಾಡಿ ಯಾವುದೆಂದು ತಿಳಿಯದಿದ್ದರೂ, 2022ರ ಏಪ್ರಿಲಿನಿಂದ, ಸಾವಿಗೆ 2 ಲಕ್ಷ ಮತ್ತು ತೀವ್ರ ಗಾಯಕ್ಕೆ 50,000 ರೂಪಾಯಿ ಕಂದಾಯ ಅಧಿಕಾರಿಗಳ ಮೂಲಕ ಸಿಗುವ ಏರ್ಪಾಡಿದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ಹಣ ಕಟ್ಟದೆ ಚಿಕಿತ್ಸೆ ದೊರೆಯತಕ್ಕದ್ದು. ಇದು ವಿಜ್ಞಾನೇಶ್ವರನ ಔಷಧ ಪಥ್ಯಗಳ ವೆಚ್ಚವಲ್ಲದೆ ಇನ್ನೇನು?

ನಮ್ಮ ಓದುಗರು ವಿಶೇಷವಾಗಿ ತಿಳಿಯಬೇಕಾದ ತೀರ್ಪುಗಳು ಎರಡಿವೆ. ಶರಣರ ಮಾರ್ಗದಲ್ಲಿ ಬೆಳೆದ ನಮಗೆ ಅಂಗಭಂಗವೆಂದರೆ ಕಾಯಕಭಂಗ. ಕೈ ಹೋದರೆ ಎಷ್ಟು ಹೋಯಿತು ಎಂಬುದನ್ನು ವೈದ್ಯನ ಶೇಕಡಾವಾರು ಹೇಳಲಾರದು; ಆ ಕೈ ಏನು ಮಾಡುತ್ತಿತ್ತೆಂಬುದನ್ನು ಕೇಳಬೇಕು. ಸರ್ವೋಚ್ಚ ನ್ಯಾಯಾಲಯವು 2010ರ ಅಕ್ಟೋಬರದಲ್ಲಿ ಇದನ್ನೇ ಹೇಳಿತು. ಎಡಗೈ ಕಳೆದುಕೊಂಡ ಗುಮಾಸ್ತನು ತನ್ನ ನೌಕರಿಯಲ್ಲಿ ಮುಂದುವರಿಯಬಹುದು, ಬಡಗಿಗೋ ಚಾಲಕನಿಗೋ ಅದೇ ನಷ್ಟವು ಹೆಚ್ಚು ಕಡಿಮೆ ಇಡೀ ಜೀವನೋಪಾಯದ ನಷ್ಟ ಎಂದು ಅದು ವಿವರಿಸಿತು. ಇನ್ನೊಂದು 2014ರ ತೀರ್ಪು, ನಮ್ಮ ರಾಜ್ಯದ ಒಬ್ಬ ತರುಣ ತರಕಾರಿ ವ್ಯಾಪಾರಿಯದು. ಅಪಘಾತದಲ್ಲಿ ಅವನ ಬಲಗಾಲು ಹೋಯಿತು. ಕುಳಿತಲ್ಲಿಯೇ ತರಕಾರಿ ಮಾರಬಹುದಲ್ಲವೆ ಎಂಬುದು ಸಾಮಾನ್ಯವಾಗಿ ಯಾರಿಗೂ ತೋರುವ ವಾದ. ನ್ಯಾಯಾಲಯವು ಆ ಕಾಯಕವನ್ನು ಹತ್ತಿರದಿಂದ ನೋಡಿತು. ತರಕಾರಿಯನ್ನು ಸಗಟು ಪೇಟೆಯಿಂದಲೋ ರೈತರಿಂದಲೋ ತರಬೇಕು, ಕೈಗಾಡಿ ತಳ್ಳಬೇಕು; ಒಂದೇ ಕಡೆ ಕುಳಿತು ಮಾರುವನೆಂದರೂ ಅಲ್ಲಿಗೆ ಮಾಲು ತರಲು ಕಾಲು ಬೇಕು ಎಂದಿತು. ಕೆಳಗಿನ ಕೋರ್ಟು ಶೇಕಡಾ 65 ಎಂದಿದ್ದ ದುಡಿಮೆಯ ನಷ್ಟವನ್ನು 85ಕ್ಕೆ ಏರಿಸಿತು. ಬೀದಿಯಲ್ಲಿ ತರಕಾರಿ ಮಾರುವವನಿಂದ ಆದಾಯದ ದಾಖಲೆ ಕೇಳುವುದು ಸಲ್ಲದೆಂದು ಹೇಳಿ, ತಿಂಗಳಿಗೆ 6,500 ರೂಪಾಯಿ ಸಂಪಾದನೆಯನ್ನು ಒಪ್ಪಿತು.

ಕಾಲಮಿತಿಯ ವಿಷಯವಾಗಿ ಒಂದು ಮಾತು. 1994ರಿಂದ ಮೋಟಾರು ಅಪಘಾತದ ಅರ್ಜಿಗೆ ಗಡುವು ಇರಲಿಲ್ಲ. ತಿಥಿ, ವರ್ಷಾಂತಕಗಳೆಲ್ಲ ಕಳೆದ ಮೇಲೆ ನಿಧಾನವಾಗಿ ಹೋದರೂ ನಡೆಯುತ್ತಿತ್ತು. 2019ರ ತಿದ್ದುಪಡಿಯ ಫಲವಾಗಿ 2022ರ ಏಪ್ರಿಲ್ 1ರಿಂದ ಕಾಯಿದೆಯಲ್ಲಿ ಆರು ತಿಂಗಳ ಗಡುವು ಮತ್ತೆ ಬಂದಿದೆ. ಹಿರಿಯರು ಸಂಕೋಚಪಡುತ್ತ ಕುಳಿತಿರುವಾಗಲೇ ಆ ಆರು ತಿಂಗಳು ಸರಿದುಹೋಗಬಹುದು. ಅರ್ಜಿಯನ್ನು ಅಪಘಾತವಾದ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಕೊಡಬೇಕೆಂದಿಲ್ಲ, ಅರ್ಜಿದಾರನು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೂ ಕೊಡಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ ಅತ್ತ, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಇತ್ತ ಉಳಿದ ಮೇಲೆ ಈ ಅನುಕೂಲ ಆ ಕಡೆಯವರಿಗೆ ಇನ್ನೂ ಹೆಚ್ಚಿನದು. ಹೆಂಗಸರಿಗೆ, ಪರಿಶಿಷ್ಟರಿಗೆ, ಬಡವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರಾದ್ದರಿಂದ, ಆಸ್ಪತ್ರೆಯ ಬಾಗಿಲಲ್ಲಿಯೇ ಕಾಗದಕ್ಕೆ ರುಜು ಹಾಕಿಸಿಕೊಳ್ಳಲು ನಿಂತಿರುವ ದಲ್ಲಾಳಿಗಳ ಗೊಡವೆ ಬೇಡ. ಔಷಧದ ಅಂಗಡಿಯ ಚೀಟಿಗಳು, ಬಾಡಿಗೆ ಗಾಡಿಗೆ ಕೊಟ್ಟ ಹಣದ ರಸೀದಿ, ಪೊಲೀಸರ ದೂರಿನ ಪ್ರತಿ, ವೈದ್ಯರು ಬರೆದ ಗಾಯದ ಪ್ರಮಾಣಪತ್ರ, ಇವುಗಳನ್ನು ಮೊದಲ ದಿನದಿಂದಲೇ ಒಂದು ಚೀಲದಲ್ಲಿ ಹಾಕಿಟ್ಟಿರಬೇಕು.